ಸಂಗೀತ ಓದಲು ದುಡ್ಡು ಹೊಂದಿಸಿದ್ದು: ನನ್ನ ಅನುಭವ

ಕಾಲೇಜಿನ ಫೀಸು ನನಗೆ ಅಷ್ಟು ಭಾರ ಅನ್ನಿಸಲಿಲ್ಲ. ಸರ್ಕಾರಿ ಕಾಲೇಜು, ಬಿಎ, ಅದರಲ್ಲಿ ಸಂಗೀತ ಒಂದು ವಿಷಯ. ಹೊರೆ ಆಗಿದ್ದು ಉಳಿದ ಖರ್ಚು. ಬೆಂಗಳೂರಿನ ಹನುಮಂತನಗರದಲ್ಲಿ ಮೂವರು ಹುಡುಗಿಯರು ಸೇರಿ ಹಿಡಿದ ರೂಮಿಗೆ ನನ್ನ ಪಾಲು ತಿಂಗಳಿಗೆ 4,000 ರೂಪಾಯಿ. ಪಿಟೀಲು ಕಲಿಸುವ ಮೇಷ್ಟ್ರಿಗೆ ಪಾಠದ ಫೀಸು ಬೇರೆ. ಇನ್ನು ಪಿಟೀಲು ಅಂದರೆ ಸುಮ್ನೆ ಗೂಡಿನಲ್ಲಿ ಇಟ್ಟರೂ ದುಡ್ಡು ಕೇಳುವ ವಾದ್ಯ. ಹಾಡುವವರ ಪಕ್ಕದಲ್ಲಿ ಕೂತು ನುಡಿಸುವಾಗ ಒಂದು ದಿನ ಹೆಣ್ಣು ದನಿಗೆ ಶ್ರುತಿ ಏರಿಸು, ಮರುದಿನ ಗಂಡು ದನಿಗೆ ಇಳಿಸು. ಹೀಗೆ ಎಳೆದಾಡಿದರೆ ತಂತಿ ಎಷ್ಟು ದಿನ ತಡೆಯುತ್ತೆ? ಒಳ್ಳೆಯ ಸೆಟ್ಟಿಗೆ 2,000 ರೂಪಾಯಿ ದಾಟುತ್ತಿತ್ತು. ಬಳೇಪೇಟೆಯ ಅಂಗಡಿಗೆ ಹೋಗಿ ಒಂದೊಂದೇ ತಂತಿ ಕೊಳ್ಳುತ್ತಿದ್ದೆ. ಹಾಗಾಗಿ ನನ್ನ ಪಿಟೀಲಿನ ಮೇಲೆ ನಾಲ್ಕು ತಂತಿಗೂ ನಾಲ್ಕು ವಯಸ್ಸು.

ನಮ್ಮದು ಶಿರಾ ಕಡೆಯ ಹಳ್ಳಿ. ಅಪ್ಪ ಕಡ್ಲೇಕಾಯಿ ಬೆಳೆಯುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆಯಿಂದ ದುಡ್ಡು ಕೇಳುವ ಮಾತೇ ಇಲ್ಲ.

ಮೊದಲ ವರ್ಷ ನಾನು ಒಂದು ದಡ್ಡತನ ಮಾಡಿದೆ. 'ಸಂಗೀತ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್' ಅಂತ ಮಾತ್ರ ಹುಡುಕುತ್ತಾ ಕೂತೆ. ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅವಕ್ಕೂ ನನ್ನ ವಯಸ್ಸಿಗೂ ಹೊಂದುತ್ತಿರಲಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಕೆಳಗಿನ ಸಂಸ್ಥೆ ಸಿಸಿಆರ್‌ಟಿಯ ಸಾಂಸ್ಕೃತಿಕ ಪ್ರತಿಭಾನ್ವೇಷಣೆ ಸ್ಕಾಲರ್‌ಶಿಪ್ 10ರಿಂದ 14 ವರ್ಷದ ಮಕ್ಕಳಿಗೆ. ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳಿಗೆ ಕಟ್ಟಿದ ಫೀಸಿನಲ್ಲಿ 9,000ದವರೆಗೆ. ಒಮ್ಮೆ ಸಿಕ್ಕಿದರೆ ಮುಂದಿನ ವರ್ಷಗಳಿಗೂ ನವೀಕರಿಸಿಕೊಂಡು ಹೋಗಬಹುದು. ನಾನು ಒಂಬತ್ತನೇ ವಯಸ್ಸಿಗೇ ಪಿಟೀಲು ಹಿಡಿದವಳು. ಆದರೆ ಹೀಗೊಂದು ಇದೆ ಅಂತ ತಿಳಿಯುವಷ್ಟರಲ್ಲಿ ನನಗೆ ಹದಿನೆಂಟು. ಊರಲ್ಲಿ ಯಾರೂ ಹೇಳಲಿಲ್ಲ. ಹೇಳುವವರಿಗೂ ಗೊತ್ತಿರಲಿಲ್ಲ, ಪಾಪ.

ಆಮೇಲೆ ಕಾಲೇಜಿನ ಕಾಮರ್ಸ್ ಹುಡುಗಿಯೊಬ್ಬಳು ಊಟ ಮಾಡುತ್ತಾ ಕೇಳಿದಳು: "ನೀನು ಎಸ್‌ಎಸ್‌ಪಿಗೆ ಹಾಕಿಲ್ವಾ?" ಎಸ್‌ಎಸ್‌ಪಿ ಅಂದರೆ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವ ರಾಜ್ಯ ಸರ್ಕಾರದ ಪೋರ್ಟಲ್. ನಾನಂದೆ, "ಅದು ನಿಮಗಲ್ವಾ?" ಅವಳು ನಕ್ಕಳು. "ನೀನೂ ಡಿಗ್ರಿ ತಾನೇ ಓದ್ತಿರೋದು?"

ಅಲ್ಲಿಗೆ ನನ್ನ ತಲೆಯಲ್ಲಿ ಲೆಕ್ಕ ಎರಡು ಭಾಗ ಆಯಿತು. ಒಂದು, ವಿದ್ಯಾರ್ಥಿ ಅಂತ ಸಿಗುವ ದುಡ್ಡು. ಇನ್ನೊಂದು, ಕಲಾವಿದೆ ಅಂತ ಸಿಗುವ ದುಡ್ಡು. ಮೊದಲನೆಯದಕ್ಕೆ ನೀವು ಓದುತ್ತಿರುವುದು ತೋಡಿ ರಾಗವೋ ತೆರಿಗೆ ಲೆಕ್ಕವೋ ಅನ್ನುವುದು ಮುಖ್ಯ ಅಲ್ಲ. ಜಾತಿ, ಆದಾಯ, ಹಾಜರಾತಿ, ಕೋರ್ಸು ಇಷ್ಟೇ ನೋಡುತ್ತಾರೆ. ಸಂಗೀತದ ಮಕ್ಕಳು ಇದನ್ನು ಬಿಟ್ಟುಬಿಡುವುದು ನಾನು ಈಗಲೂ ನೋಡುತ್ತಿದ್ದೇನೆ. ಅದೇನೋ ನಾವೇ ಬೇರೆ ಥರದ ವಿದ್ಯಾರ್ಥಿಗಳು ಅನ್ನುವ ಹಾಗೆ.

ನನಗೆ ಎರಡು ಸಿಕ್ಕಿತು. ರೈತ ವಿದ್ಯಾನಿಧಿ 2021ರಲ್ಲೇ ಶುರುವಾಗಿತ್ತು. ರೈತರ ಮಕ್ಕಳಲ್ಲಿ ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗರಿಗೆ ಆಗ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಕೊಡುತ್ತಿದ್ದರು. ಅಪ್ಪನ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದಲ್ಲಿ ರೈತ ಅಂತ ನೋಂದಾಯಿಸಿದ ನಂಬರ್, ಇರಬೇಕಿತ್ತು. ಅಪ್ಪ ಅದನ್ನು ಯಾವಾಗಲೋ ಮಾಡಿಸಿ ಮರೆತಿದ್ದರು. ಬೀಜ, ಗೊಬ್ಬರದ ಚೀಟಿಗಳ ಜೊತೆ ಸಿಕ್ಕಿತು. ಇನ್ನೊಂದು ವಿದ್ಯಾಸಿರಿ. ಹಾಸ್ಟೆಲ್ ಸೀಟು ಸಿಗದೆ ಹೊರಗೆ ಇದ್ದು ಓದುವ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಅಂತ ಆಗ ತಿಂಗಳಿಗೆ 1,500, ಹತ್ತು ತಿಂಗಳಿಗೆ ಕೊಡುತ್ತಿದ್ದರು. ಎರಡೂ ಸೇರಿ ವರ್ಷಕ್ಕೆ 20,500. ನನ್ನ ಬಾಡಿಗೆಯ ಅರ್ಧಕ್ಕೂ ಸಾಲದು, ಸರಿ. ಆದರೆ ಹಳ್ಳಿಯಲ್ಲಿ ಇಪ್ಪತ್ತು ಸಾವಿರ ಅಂದರೆ ಏನು ಅಂತ ನಮ್ಮಪ್ಪನನ್ನು ಕೇಳಬೇಕು.

ಅರ್ಜಿ ಹಾಕುವುದು ಕಷ್ಟ ಅಲ್ಲ, ಕಾಗದ ಹೊಂದಿಸುವುದು ಕಷ್ಟ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತಂದು ಅದರ ಮೇಲಿರುವ ಆರ್‌ಡಿ ನಂಬರ್ ಹಾಕಬೇಕು. ಕಾಲೇಜಿನಲ್ಲಿ ವ್ಯಾಸಂಗ ಪ್ರಮಾಣಪತ್ರಕ್ಕೆ ಇ-ದೃಢೀಕರಣ ಆಗಬೇಕು. ನನ್ನ ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್. ಅದನ್ನು ತಿದ್ದಿಸುವುದಕ್ಕೇ ಮೂರು ವಾರ ಹೋಯಿತು. ಅರ್ಜಿ ಕರೆದ ಮೇಲೆ ತಿದ್ದಿಸಲು ಹೊರಟರೆ ಆಗುವ ಕೆಲಸ ಅಲ್ಲ ಇದು. ಬೇಸಿಗೆ ರಜೆಯಲ್ಲೇ ಮುಗಿಸಿಕೊಂಡರೆ ಒಳ್ಳೆಯದು.

ಇಷ್ಟೆಲ್ಲ ಮಾಡಿ ಕಾದೆ. ಗೆಳತಿಯರಿಗೆ ದುಡ್ಡು ಬಂತು. ನನಗೆ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ನಾಲ್ಕು ತಿಂಗಳು. ಬೆಂಗಳೂರಿನ ಬ್ಯಾಂಕ್ ಖಾತೆಯನ್ನು ದಿನಾ ತೆಗೆದು ನೋಡುತ್ತಿದ್ದೆ. ಬೈಯದ ಇಲಾಖೆ ಇರಲಿಲ್ಲ. ಕೊನೆಗೆ ಅದೇ ಕಾಮರ್ಸ್ ಹುಡುಗಿ ಸರ್ಕಾರದ ದುಡ್ಡು ಯಾವ ಖಾತೆಗೆ ಹೋಯಿತು ಅಂತ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ನನ್ನ ಫೋನಿಗೆ ಹಾಕಿಕೊಟ್ಟಳು. ತೆಗೆದರೆ 'ಹಣ ಜಮಾ ಆಗಿದೆ' ಅಂತ ಇದೆ! ಯಾವ ಖಾತೆಗೆ? ನಾನು ಹೈಸ್ಕೂಲಿನಲ್ಲಿದ್ದಾಗ ಸೈಕಲ್ಲಿಗೋ ಯೂನಿಫಾರ್ಮಿಗೋ ಅಂತ ಊರಲ್ಲಿ ತೆರೆಸಿದ್ದ ಖಾತೆಗೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕಥೆ.

ಆಗಿದ್ದು ಇಷ್ಟು. ಅರ್ಜಿ ಹಾಕುವಾಗ ನಾವು ಯಾವ ಖಾತೆ ನಂಬರ್ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇವೋ ಅದಕ್ಕೆ ದುಡ್ಡು ಹೋಗುವುದಿಲ್ಲ. ಆಧಾರ್ ನಂಬರ್ ಹಿಡಿದು ಹೋಗುತ್ತದೆ. ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆ ಆಗಿದೆಯೋ, ಅಲ್ಲಿಗೆ. ಬೆಂಗಳೂರಿನ ಖಾತೆಗೆ ನಾನು ಆಧಾರ್ ಜೆರಾಕ್ಸ್ ಕೊಟ್ಟಿದ್ದೆ, ಆದರೆ ಸರ್ಕಾರದ ದುಡ್ಡು ಈ ಖಾತೆಗೇ ಬರಲಿ ಅನ್ನುವ ಎನ್‌ಪಿಸಿಐ ಜೋಡಣೆಯ ಫಾರಂ ತುಂಬಿರಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ. ಅಪ್ಪ ಊರಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ಫೋನ್ ಮಾಡಿದರು. "ಮಗಾ, ಇದರಾಗೆ ದುಡ್ಡೈತೆ ಕಣವ್ವಾ. ನಿಂದೇನಾ?"

ಸ್ಕಾಲರ್‌ಶಿಪ್ ಯಾವಾಗ ಬಂದರೂ ತಡವಾಗಿಯೇ ಬರುತ್ತದೆ ಅಂದುಕೊಂಡೇ ನಡೆಯಬೇಕು. ಬಾಡಿಗೆ ಮಾತ್ರ ಐದನೇ ತಾರೀಕಿಗೆ. ಈ ನಡುವಿನ ಗುಂಡಿ ತುಂಬಿಸಿದ್ದು ಪಾಠ. ಬೆಳಗ್ಗೆ ಐದೂವರೆಗೆ ಎದ್ದು ಫೋನು ಕಿಟಕಿಗೆ ಒರಗಿಸಿ ಅಮೆರಿಕದ ಮಕ್ಕಳಿಗೆ ಸರಳೆ, ಜಂಟಿ ಅಂತ ಸಂಗೀತದ ಮೊದಲ ಪಾಠಗಳನ್ನು ಹೇಳಿಕೊಡುತ್ತಿದ್ದೆ. ಅಲ್ಲಿ ಆಗ ಸಂಜೆ. ಬೆಂಗಳೂರಿನಲ್ಲಿ ಸಂಗೀತ ಕಲಿಯುತ್ತಿರುವ ನನ್ನಂಥ ಎಷ್ಟೋ ಜನರ ಹೊಟ್ಟೆ ತುಂಬಿಸುತ್ತಿರುವುದು ಈ ಐದೂವರೆಯ ಪಾಠವೇ. ಅದರ ಬೆಲೆಯೂ ಇದೆ. ಸಾಧನೆಗೆ ಅಂತ ಇರುವ ಒಳ್ಳೆಯ ಹೊತ್ತು ಮಾರಿಬಿಡುತ್ತೇವೆ. ಎರಡನೇ ವರ್ಷ ನನ್ನ ಕಮಾನು ಹಿಡಿಯುವ ಕೈ ಸಡಿಲವಾಗಿತ್ತು. ಮೇಷ್ಟ್ರು ಬೈಯಲಿಲ್ಲ, "ನಿದ್ದೆ ಮಾಡಮ್ಮಾ" ಅಂದರು. ಅದು ಬೈಗುಳಕ್ಕಿಂತ ಜಾಸ್ತಿ ನೋವಾಯಿತು.

ಮೇಷ್ಟ್ರ ಫೀಸಿನ ಬಗ್ಗೆ ಹೇಳಲೇಬೇಕು. ಎರಡು ತಿಂಗಳು ಕೊಡಲು ಆಗದಾಗ ಪಾಠಕ್ಕೆ ಹೋಗುವುದನ್ನೇ ನಿಲ್ಲಿಸಿದ್ದೆ, ಜ್ವರ ಅಂತ ಸುಳ್ಳು ಹೇಳಿ. ಅವರು ಅರ್ಥ ಮಾಡಿಕೊಂಡು ಫೋನ್ ಮಾಡಿದರು. "ಜ್ವರ ಬಿಟ್ಟ ಮೇಲೆ ಕೊಡು, ಈಗ ಬಾ." ಎಲ್ಲ ಗುರುಗಳೂ ಹೀಗಿರುವುದಿಲ್ಲ, ಇರಬೇಕು ಅನ್ನುವುದೂ ತಪ್ಪು. ಅವರಿಗೂ ಮನೆ ನಡೆಯಬೇಕಲ್ವಾ? ಆದರೆ ಬಾಯಿಬಿಟ್ಟು ಹೇಳಿದ್ದರೆ ನನಗೆ ಆರು ಪಾಠ ತಪ್ಪುತ್ತಿರಲಿಲ್ಲ.

ಕಲಾವಿದೆ ಅಂತ ಸಿಗುವ ದುಡ್ಡಿಗೆ ಡಿಗ್ರಿ ಮುಗಿದ ಮೇಲೆ ಕೈಹಾಕಿದೆ. ರಾಜ್ಯದ ಸಂಗೀತ ನೃತ್ಯ ಅಕಾಡೆಮಿ ಶಿಷ್ಯವೇತನಕ್ಕೆ ಪತ್ರಿಕೆಯಲ್ಲಿ ಅರ್ಜಿ ಕರೆಯುತ್ತದೆ. ಗಮಕ, ಕಥಾಕೀರ್ತನ ಕಲಿಯುವವರಿಗೂ ಅಲ್ಲಿ ಜಾಗ ಇದೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಅವರ ಕಚೇರಿ. ನಾನು ಹಾಕಿದ್ದು ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ಸ್ಕಾಲರ್‌ಶಿಪ್ಪಿಗೆ. 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000, ಎರಡು ವರ್ಷ. ಕಡಿಮೆ ಅಂದರೂ ಐದು ವರ್ಷ ಗುರುಗಳ ಹತ್ತಿರ ಕಲಿತಿರಬೇಕು. ಆ ಪತ್ರಕ್ಕಾಗಿ ಶಿರಾದ ಹಳೆಯ ಮೇಷ್ಟ್ರ ಮನೆಗೂ ಹೋಗಿ ಬಂದೆ. ಅವರಿಗೆ ಲೆಟರ್‌ಹೆಡ್ ಇರಲಿಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಒಂದೂವರೆ ಪುಟ ಬರೆದು, ನಾನು ಹುಡುಗಿಯಾಗಿದ್ದಾಗ ಕಮಾನು ಮುರಿದದ್ದನ್ನೂ ಸೇರಿಸಿದ್ದರು. ಅದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಮಾಡಿಸಿ ಸಹಿ ಹಾಕಿಸಿಕೊಂಡೆ. ಮೂಲ ಪ್ರತಿ ನನ್ನ ಹತ್ತಿರವೇ ಇದೆ.

ತಜ್ಞರ ಮುಂದೆ ನುಡಿಸಬೇಕು. ನಾನು ಕಾಂಬೋಜಿ ರಾಗದಲ್ಲಿ ದೊಡ್ಡ ಕೃತಿ ತಯಾರು ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು ವರ್ಣ, ಅಂದರೆ ಕೃತಿಗಿಂತ ಮೊದಲು ಕಲಿಸುವ ಅಭ್ಯಾಸದ ರಚನೆ, ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ. ಆಮೇಲೆ ಚಿಕ್ಕ ಆಲಾಪನೆ, ತಾಳದ ನಾಲ್ಕು ಸುತ್ತು ಸ್ವರ. ಒಟ್ಟು ಹತ್ತು ನಿಮಿಷವೂ ಇಲ್ಲ. ಅದಕ್ಕೇ ಈಗ ಕೇಳುವ ಮಕ್ಕಳಿಗೆ ಹೇಳುತ್ತೇನೆ, ದೊಡ್ಡ ಕೃತಿ ಬಿಡಿ, ವರ್ಣ ಉಜ್ಜಿ.

ಸಿಕ್ಕಿತು. ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಆರು ತಿಂಗಳ ಲೆಕ್ಕದಲ್ಲಿ ನಾಲ್ಕು ಕಂತು, ಒಂದೊಂದು 30,000. ಮೊದಲ ಕಂತಿನಲ್ಲಿ ಪಿಟೀಲಿಗೆ ನಾಲ್ಕೂ ತಂತಿ ಒಂದೇ ದಿನ ಹಾಕಿಸಿದೆ. ದಿನಕ್ಕೆ ಮೂರು ಗಂಟೆಯಾದರೂ ಸಾಧನೆ ಮಾಡಬೇಕು ಅನ್ನುವ ನಿಯಮ ಇರುವುದರಿಂದ ಬೆಳಗಿನ ಒಂದು ಬ್ಯಾಚು ಬಿಟ್ಟೆ. ಆ ಹೊತ್ತು ಮತ್ತೆ ನನ್ನದಾಯಿತು.

ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕಳಿಸಬೇಕು, ಗುರುಗಳ ಸಹಿಯೊಂದಿಗೆ. ಮೊದಲ ವರದಿಯಲ್ಲಿ ನಾನು ಹೊಸದಾಗಿ ಕಲಿತ ಆರು ಕೃತಿ ಬರೆದುಕೊಂಡು ಹೋದೆ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ನಾಲ್ಕನೆಯದರ ಮೇಲೆ ಬೆರಳಿಟ್ಟು, "ಇದು ನುಡಿಸು" ಅಂದರು. ನುಡಿಸಿದೆ. ಚರಣಕ್ಕೆ ಬರುವಷ್ಟರಲ್ಲಿ ಅವರು ಪೆನ್ಸಿಲ್ ತೆಗೆದುಕೊಂಡು ಆ ಸಾಲು ಹೊಡೆದುಹಾಕಿದ್ದರು.

"ಇದು ಇನ್ನೂ ಕೈಗೆ ಕೂತಿಲ್ಲ. ಐದು ಅಂತ ಬರಿ."

ಐದು ಅಂತ ಬರೆದು ಕಳಿಸಿದೆ.