ಬಾಂದಕಲ್ಲು ಹುಡುಕಿಕೊಂಡು ಕೆರೆ ಸುತ್ತಿದ ಮೂರು ವರ್ಷ

ಗದಗ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ನಮ್ಮೂರ ಕೆರೆಗೆ ಮಣ್ಣು ತುಂಬಿ ಒತ್ತುವರಿ ಮಾಡುವ ಸುದ್ದಿಯನ್ನು ಜೋಳ ಬೀಸಿಸಲು ಬರುವವರೇ ನನಗೆ ತರುತ್ತಾರೆ. "ಅಕ್ಕಾರ, ರಾತ್ರಿ ಮತ್ತ ಎರಡು ಟ್ರ್ಯಾಕ್ಟರ್ ಮಣ್ಣು ಬಿದ್ದೈತ್ರಿ" ಅಂತ ಡಬ್ಬಿ ಇಡುವಾಗಲೇ ಹೇಳುತ್ತಾರೆ. ಮೂರು ವರ್ಷದ ಹಿಂದೆ ಹೀಗೆ ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ಏನಾದರೂ ಆಗುತ್ತದೆ ಅನ್ನುವ ನಂಬಿಕೆ ಅವರಿಗಿರಲಿಲ್ಲ.

ನಾನು ನಮ್ಮೂರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಪುರಸಭೆಯಲ್ಲೂ ಇಂಥ ಸಮಿತಿ ಇರಲೇಬೇಕು. 2004ರ ನಿಯಮದಲ್ಲಿ ಅಧ್ಯಕ್ಷರ ಜೊತೆ ಆರು ಜನ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಅಂತ ಇತ್ತು. ಹಾಗಾಗಿ ನನ್ನ ಹೆಸರೂ ಬಂತು. ಮೊದಲ ಸಭೆಯಲ್ಲಿ ಚಹಾ ಕುಡಿದು ಸಹಿ ಮಾಡಿ ಬಂದೆವು.

ಎರಡನೇ ಸಭೆಯಲ್ಲಿ ಊರಿನ ಬೆಳೆ, ಗಿಡ, ಪ್ರಾಣಿಗಳನ್ನೆಲ್ಲ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಕೈಗೆ ಕೊಟ್ಟರು. ನಮಗಿಂತ ಮೊದಲೇ ಯಾರೋ ಎರಡು ದಿನ ಬಂದು ಬರೆದು ಹೋಗಿದ್ದ ಪುಸ್ತಕ ಅದು. ಅದರಲ್ಲಿ ಅಡಿಕೆ ಇತ್ತು, ಹಲಸು ಇತ್ತು. ನಮ್ಮದು ಎರೆ ಹೊಲದ ಸೀಮೆ. ಜೋಳ, ಕಡಲೆ, ಶೇಂಗಾ, ಮೆಣಸಿನಕಾಯಿ ಬೆಳೆಯುವವರು ನಾವು. ಮಲೆನಾಡಿನ ಯಾವುದೋ ಊರಿನ ಪುಟಗಳು ನಮ್ಮ ಪುಸ್ತಕದೊಳಗೆ ಕೂತಿದ್ದವು. ಕೆರೆಯ ಬಗ್ಗೆ ಇದ್ದದ್ದು ಒಂದೇ ಸಾಲು. ನನಗೆ ನಿಜವಾಗಿಯೂ ಸಂಕಟವಾಯಿತು. ಊರಿನ ದನ, ಕುರಿ, ಬಾವಿ, ಬೋರ್‌ವೆಲ್ ಎಲ್ಲ ಆ ಕೆರೆಯ ಮೇಲೆ ನಿಂತಿವೆ, ಅಲ್ವಾ?

ಅಷ್ಟರಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ ಬಂದೆ. ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಬರುವ ಕೆರೆ ಅದು. ವರ್ಷಕ್ಕೆ ಸುಮಾರು 8 ಸಾವಿರ ಬರುತ್ತವೆ ಅನ್ನುವುದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳನ್ನು ಗುರುತಿಸುವ ರಾಮ್ಸರ್ ಒಪ್ಪಂದದ ದಾಖಲೆಯ ಲೆಕ್ಕ. ಸುಮಾರು 50 ಹೆಕ್ಟೇರಿನ ಆ ಕೆರೆಯೂ ನೀರಾವರಿಗೆ ಅಂತ ಮನುಷ್ಯರೇ ಕಟ್ಟಿದ್ದು. 2024ರಲ್ಲಿ ಅಘನಾಶಿನಿ, ಅಂಕಸಮುದ್ರದ ಜೊತೆ ಅದಕ್ಕೂ ರಾಮ್ಸರ್ ಪಟ್ಟ ಸಿಕ್ಕಿತು. ಅದು ಸಂರಕ್ಷಣಾ ಮೀಸಲು ಪ್ರದೇಶ ಕೂಡ ಹೌದು. ಅಂಥ ಜಾಗಕ್ಕೆ ವನ್ಯಜೀವಿ ಕಾಯ್ದೆಯ 36ಬಿ ಕಲಂ ಪ್ರಕಾರ ಒಂದು ಸಮಿತಿ ಇರುತ್ತದೆ. ಅರಣ್ಯ ಇಲಾಖೆಯವರ ಜೊತೆ ಪಂಚಾಯತಿಯವರು, ಸಂಘಸಂಸ್ಥೆಯವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರು ಕೂರುತ್ತಾರೆ. ಬಾತುಗಳು ಸುತ್ತಲಿನ ಹೊಲಕ್ಕೆ ಇಳಿದು ಮೇಯುತ್ತವಲ್ಲ, ಹಾಗಾಗಿ ಕೃಷಿಯವರು ಕೂರುವುದು ಸರಿಯಾಗೇ ಇದೆ ಅನಿಸಿತು.

ನಮ್ಮ ಕೆರೆಗೆ ಇದು ಯಾವುದೂ ಇಲ್ಲ. 2017ರ ಜೌಗು ಪ್ರದೇಶ ನಿಯಮಗಳನ್ನು ಓದಿಸಿಕೊಂಡಾಗ ಇನ್ನೊಂದು ಗೊತ್ತಾಯಿತು. ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಕಟ್ಟಿದ ಕೆರೆಗಳನ್ನು ಆ ನಿಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಬಯಲುಸೀಮೆಯ ಕೆರೆಗಳು ಹೆಚ್ಚೂಕಡಿಮೆ ಎಲ್ಲವೂ ಹಾಗೆ ಕಟ್ಟಿದವೇ. ಅಂದರೆ ಹಕ್ಕಿ ಎಷ್ಟೇ ಬರಲಿ, ನಮ್ಮ ಕೆರೆಗೆ ಆ ನಿಯಮದ ಆಸರೆ ಇಲ್ಲ. ಉಳಿದದ್ದು 2014ರ ರಾಜ್ಯದ ಕೆರೆ ಸಂರಕ್ಷಣೆ ಕಾಯ್ದೆ, ಮತ್ತು 1964ರ ಭೂ ಕಂದಾಯ ಕಾಯ್ದೆ. ಕೆರೆ, ಹಳ್ಳ ಸರ್ಕಾರದ ಸ್ವತ್ತು ಅಂತ ಹೇಳುವುದು ಈ ಎರಡನೆಯದರ 67ನೇ ಕಲಂ. ಸರ್ಕಾರದ ಸ್ವತ್ತು ಸರಿ, ಆದರೆ ಅದು ಎಲ್ಲಿಂದ ಎಲ್ಲಿಯವರೆಗೆ? ಸಭೆಯಲ್ಲಿ ಈ ಪ್ರಶ್ನೆ ಕೇಳಿದೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಹೀಗೆ ಕೆಲಸ ಶುರುವಾಯಿತು. ಪಹಣಿ ತೆಗೆಸಿದೆವು, ಗ್ರಾಮ ನಕಾಶೆ ತಂದೆವು. ಸರ್ವೇ ಕಚೇರಿಯಿಂದ ಸುತ್ತಲಿನ ಹೊಲಗಳ ಹಳೆಯ ಟಿಪ್ಪಣಿಗಳ, ಅಂದರೆ ಅಳತೆ ಬರೆದಿಟ್ಟ ಹಾಳೆಗಳ, ನಕಲು ಪಡೆದೆವು. ಈ ಕೊನೆಯದು ಬಹಳ ಮುಖ್ಯ. ಹೊಲದ ಅಳತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಕೆರೆ. ಟಿಪ್ಪಣಿಯಲ್ಲಿ ಅಡಿ ಇರುವುದಿಲ್ಲ, ಸರಪಳಿ ಮತ್ತು ಆಣೆ ಇರುತ್ತದೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. 4 ಸರಪಳಿ 8 ಆಣೆ ಅಂದರೆ 148 ಅಡಿ 6 ಇಂಚು. ನಿವೃತ್ತ ಭೂಮಾಪಕರೊಬ್ಬರು ನಮ್ಮ ಗಿರಣಿಯ ಕಟ್ಟೆಯ ಮೇಲೆ ಕೂತು ಎರಡು ಸಂಜೆ ಇದನ್ನು ಕಲಿಸಿಕೊಟ್ಟರು. ಹಿಟ್ಟಿನ ಲೆಕ್ಕ ಬರುವವರಿಗೆ ಇದು ಕಷ್ಟವಲ್ಲ.

ನಕಾಶೆ ಹಿಡಿದು ನಾಲ್ಕು ಜನ ನಡೆದೆವು. ಕೆರೆಯ ಗಡಿ ತೋರಿಸುವ ಹದಿನಾಲ್ಕು ಬಾಂದಕಲ್ಲು ಸಿಗಬೇಕಿತ್ತು, ಮೊದಲ ದಿನ ಸಿಕ್ಕಿದ್ದು ಐದು. ಬಳ್ಳಾರಿ ಜಾಲಿಯ ಒಳಗೆ ಕುಡಗೋಲು ಹಿಡಿದು ನುಗ್ಗಿ ಇನ್ನೂ ಕೆಲವನ್ನು ಹುಡುಕಿದೆವು. ಕೆಲವು ಕಲ್ಲು ಮಾತ್ರ ಎಲ್ಲಿಯೂ ಇಲ್ಲ. ಕುರಿ ಮೇಯಿಸುತ್ತಿದ್ದ ಯಜ್ಜ ಒಬ್ಬರು ನಮ್ಮನ್ನೇ ನೋಡುತ್ತ ನಿಂತಿದ್ದರು. "ಏನ್ ಹುಡಕಾಕತ್ತೀರಿ ಯವ್ವಾ?" ಅಂದರು. ಹೇಳಿದೆ. ಅವರು ಸೀದಾ ನೀರಿನ ದಂಡೆಗೆ ಕರೆದುಕೊಂಡು ಹೋದರು. ಹೆಣ್ಣುಮಕ್ಕಳು ಅರಿವೆ ಒಗೆಯುವ ಕಲ್ಲು ತೋರಿಸಿದರು. ಸಾಬೂನು ತಿಕ್ಕಿ ತಿಕ್ಕಿ ಒಂದು ಮೈ ನುಣ್ಣಗಾಗಿತ್ತು. ಅಡಿಯಲ್ಲಿ ಕೈಯಾಡಿಸಿದಾಗ ಕೆತ್ತಿದ ಗೀಟು ಬೆರಳಿಗೆ ಸಿಕ್ಕಿತು. "ಅಲ್ಲಿತ್ತು ನೋಡವ್ವಾ ಇದು," ಅಂತ ಯಜ್ಜ ಕೋಲು ಚಾಚಿದ ಕಡೆ ಹೊಸ ಮಣ್ಣಿನ ದಿಬ್ಬ ಇತ್ತು, ದಿಬ್ಬದಾಚೆ ನಿವೇಶನದ ಕಲ್ಲುಗಳಿದ್ದವು. ಪಕ್ಕದ ಕಲ್ಲಿನಿಂದ ಟೇಪು ಹಿಡಿದು ಅಳೆದೆವು. ಟಿಪ್ಪಣಿಯ ಅಳತೆಗೂ ಯಜ್ಜನ ಕೋಲಿಗೂ ಎರಡು ಅಡಿ ಮಾತ್ರ ವ್ಯತ್ಯಾಸ ಬಂತು.

ಆ ಕಲ್ಲನ್ನು ನಾವೇ ಎತ್ತಿ ನೆಡಬೇಕು ಅಂತ ಹುಡುಗರು ಹಟ ಹಿಡಿದರು. ಬೇಡ ಅಂದೆ. ಗಡಿಕಲ್ಲು ನೆಡುವ ಅಧಿಕಾರ ಸರ್ವೇ ಇಲಾಖೆಯದು. ನಾವು ಮುಟ್ಟಿದರೆ ನಮ್ಮ ಮೇಲೆಯೇ ದೂರು ಬರುತ್ತದೆ, ಇಷ್ಟು ದಿನದ ಕೆಲಸ ನೀರಿಗೆ ಹೋಗುತ್ತದೆ. ಸುಣ್ಣದ ಗುರುತು ಹಾಕಿ, ಫೋಟೋ ತೆಗೆದು, ತಾರೀಖು ಬರೆದು, ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಿ ಅಂತ, ಅರ್ಜಿ ಕೊಟ್ಟೆವು. ಅರ್ಜಿ ಕೊಟ್ಟಾಗೆಲ್ಲ ಎರಡನೇ ಪ್ರತಿಗೆ ಸೀಲ್ ಹಾಕಿಸಿಕೊಂಡು, ಇನ್‌ವರ್ಡ್ ನಂಬರ್ ಬರೆಸಿಕೊಂಡೇ ಹೊರಗೆ ಬರುತ್ತೇವೆ. ಬಾಯಿಮಾತಿನಲ್ಲಿ ಹೇಳಿದ್ದು ಯಾವುದೂ ಉಳಿಯಲಿಲ್ಲ. ಸೀಲ್ ಬಿದ್ದದ್ದು ಮಾತ್ರ ಫೈಲಿನಲ್ಲಿ ಉಳಿಯಿತು.

ಈಗ ವರ್ಷಕ್ಕೆ ಮೂರು ಸಲ ಸುತ್ತುತ್ತೇವೆ. ಮಿರಗದ ಮಳೆಗೆ ಮೊದಲು ಒಮ್ಮೆ, ಆಗ ಕೆರೆ ಅಂಗಳ ಒಣಗಿರುತ್ತದೆ, ಸುರಿದ ಮಣ್ಣೆಲ್ಲ ಕಾಣುತ್ತದೆ. ಸೀಗಿ ಹುಣ್ಣಿಮೆ ಆದಮೇಲೆ ಒಮ್ಮೆ, ಆಗ ನೀರು ಎಲ್ಲಿಯವರೆಗೆ ಏರಿದೆ, ಕೋಡಿ ಕಟ್ಟಿಕೊಂಡಿದೆಯಾ ಅಂತ ನೋಡಬಹುದು. ಜನವರಿಯಲ್ಲಿ ಒಮ್ಮೆ, ಹಕ್ಕಿ ಎಣಿಸಲು. ಪ್ರತಿ ಸಲ ಅದೇ ಕಲ್ಲಿನ ಹತ್ತಿರ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆಯುತ್ತೇವೆ. ಒಂದು ಫೋಟೋದಲ್ಲಿ ಏನೂ ತಿಳಿಯುವುದಿಲ್ಲ. ಆರು ಫೋಟೋ ಪಕ್ಕಪಕ್ಕ ಇಟ್ಟರೆ ದಿಬ್ಬ ಮುಂದೆ ಬಂದದ್ದು ಯಾರಿಗಾದರೂ ಕಾಣುತ್ತದೆ.

ಒಂದು ವಿಷಯದಲ್ಲಿ ಸಮಿತಿಯಲ್ಲೇ ಜಗಳ ಆಯಿತು. ನೀರು ಇಳಿದಾಗ ಕೆರೆ ಅಂಗಳದಲ್ಲಿ ಇಬ್ಬರು ಹಿಂಗಾರಿ ಕಡಲೆ ಬಿತ್ತುತ್ತಾರೆ. ಕಾಗದದ ಮೇಲೆ ಅದೂ ಒತ್ತುವರಿಯೇ. ನನ್ನ ಅಭಿಪ್ರಾಯ ಬೇರೆ. ಬಿತ್ತಿದ ನೆಲಕ್ಕೆ ಮುಂದಿನ ಮಳೆಗೆ ನೀರು ವಾಪಸ್ ಬರುತ್ತದೆ. ಮಣ್ಣು ತುಂಬಿದ ನೆಲಕ್ಕೆ ಬರುವುದಿಲ್ಲ. ಎರಡನ್ನೂ ವಹಿಯಲ್ಲಿ ಬರೆಯುತ್ತೇವೆ, ಮುಚ್ಚಿಡುವುದಿಲ್ಲ. ಬಿತ್ತುವವರಿಗೆ ನೀರಿನ ಹತ್ತಿರ ಔಷಧಿ ಹೊಡೆಯಬೇಡಿ ಅಂತ ಕೇಳಿಕೊಂಡೆವು, ಒಪ್ಪಿದರು. ಟ್ರ್ಯಾಕ್ಟರಿನ ಹಿಂದೆ ಮಾತ್ರ ಬಿಡದೆ ಬಿದ್ದಿದ್ದೇವೆ.

ನನಗೆ ಇವತ್ತಿಗೂ ನೋವು ಕೊಡುವುದು ಪೂರ್ವದ ದಂಡೆ. ಅಲ್ಲಿ ಕಲ್ಲು ಕಟ್ಟಿ ವಾಕಿಂಗ್ ದಾರಿ ಮಾಡುವ ಯೋಜನೆಗೆ ನಾನೂ ಸಹಿ ಹಾಕಿದ್ದೆ. ಕೆರೆ ಚಂದ ಆಗುತ್ತದೆ ಅಂದುಕೊಂಡಿದ್ದೆ. ಇಳಿಜಾರಿನ ಕೆಸರು ಹೋಗಿ ನೆಟ್ಟಗೆ ಗೋಡೆ ಬಂತು. ಆ ಕೆಸರಲ್ಲೇ ಗದ್ದೆ ಗೊರವ, ಮೆಟ್ಟುಗಾಲು ಹಕ್ಕಿ ಹುಳ ಹೆಕ್ಕುತ್ತಿದ್ದವು. ಮುಂದಿನ ಜನವರಿಯಲ್ಲಿ ಆ ಬದಿ ಒಂದೂ ಇರಲಿಲ್ಲ. ಗೋಡೆಯ ಬುಡದಲ್ಲೇ ಆಳ ನೀರು, ಕಾಲೂರಲು ಅವಕ್ಕೆ ಜಾಗವೇ ಇಲ್ಲ. ಅದಕ್ಕೇ ಹೂಳೆತ್ತುವ ಮಾತು ಬಂದಾಗ ನಾವು ಗಟ್ಟಿಯಾಗಿ ನಿಂತೆವು. ನಡುವೆ ಆಳ ಮಾಡಿ, ಪಶ್ಚಿಮದ ಅಂಚನ್ನು ಮುಟ್ಟಬೇಡಿ ಅಂದೆವು. ಮಣ್ಣು ರೈತರ ಹೊಲಕ್ಕೆ ಹೋಯಿತು, ಅಂಚು ಹಾಗೇ ಉಳಿಯಿತು. ಹೋದ ಚಳಿಗಾಲ ಅಲ್ಲಿ ಗೊರವಗಳು ಕೂತಿದ್ದವು. ಅವನ್ನು ನೋಡಿ ಸುಮ್ನೆ ಬಹಳ ಹೊತ್ತು ನಿಂತುಬಿಟ್ಟೆ.

ಹದಿನಾಲ್ಕರಲ್ಲಿ ಹನ್ನೊಂದು ಕಲ್ಲು ಈಗ ಲೆಕ್ಕಕ್ಕೆ ಸಿಕ್ಕಿವೆ. ಉಳಿದ ಮೂರು ನಿವೇಶನದ ಬದಿಯವು. ಅರ್ಜಿ ಎರಡು ಸಲ ಹಿಂದಕ್ಕೆ ಬಂತು, ಮೂರನೇ ಸಲ ಮೋಜಣಿಗೆ, ಅಂದರೆ ಅಳತೆಗೆ, ದಿನ ಗೊತ್ತು ಮಾಡಿ ನೋಟಿಸ್ ಬಂದಿದೆ. ಬರುವ ಸೋಮವಾರ. ಕುರಿ ಯಜ್ಜನಿಗೂ ಹೇಳಿಟ್ಟಿದ್ದೇನೆ, ಬರ್ತೇನಂದಿದ್ದಾರೆ. ಸೋಮವಾರ ಗಿರಣಿ ಬಂದ್ ಅಂತ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ.