ಮೇಲಿನ ಮನೆ ಬಾಡಿಗೆಗೆ ಹೋದ ಮೇಲೆ ಕಂದಾಯ ಕಟ್ಟಿದ್ದು

ನಮ್ಮ ಮನೆ ಕಂದಾಯವನ್ನು ನಾನೇ ಲೆಕ್ಕ ಹಾಕಿ ಕಟ್ಟೋಕೆ ಶುರು ಮಾಡಿದ್ದು 2008ರಲ್ಲಿ. ಬೆಂಗಳೂರಿಗೆ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ ಬಂದ ವರ್ಷ ಅದು. ಮನೆಗೆ ಎಷ್ಟು ಬಾಡಿಗೆ ಬರುತ್ತೆ, ಮಾರಿದರೆ ಎಷ್ಟು ಸಿಗುತ್ತೆ ಅಂತ ಅದರಲ್ಲಿ ಕೇಳೋದಿಲ್ಲ. ಕೇಳೋದು ಮುಖ್ಯವಾಗಿ ಮೂರೇ: ಮನೆ ಯಾವ ರಸ್ತೆಯಲ್ಲಿದೆ, ಎಷ್ಟು ಚದರ ಅಡಿ, ಅದರಲ್ಲಿ ಯಾರಿದ್ದಾರೆ.

ರಸ್ತೆಗಳನ್ನು ಗೈಡೆನ್ಸ್ ವ್ಯಾಲ್ಯೂ (ಆ ಜಾಗದ ಆಸ್ತಿಗೆ ಸರ್ಕಾರ ಗೊತ್ತು ಮಾಡಿದ ಬೆಲೆ) ನೋಡಿ ಎ ಇಂದ ಎಫ್ ವರೆಗೆ ಆರು ವಲಯ ಮಾಡಿದ್ದರು. ನಮ್ಮದು ಡಿ. ಆಗ ಆರ್‌ಸಿಸಿ, ಅಂದರೆ ಕಾಂಕ್ರೀಟ್ ಚಾವಣಿಯ ಮನೆಗೆ ನಾವೇ ಇದ್ದರೆ ಚದರ ಅಡಿಗೆ ತಿಂಗಳಿಗೆ 1.60 ರೂಪಾಯಿ, ಬಾಡಿಗೆಗೆ ಕೊಟ್ಟಿದ್ದರೆ 3.20. ಸರಿಯಾಗಿ ಎರಡರಷ್ಟು.

ಅಳತೆಗೆ ಅಪ್ಪ ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು. "ಒಳಗಿಂದ ಅಳೆದರೆ ಸಾಲದೇನೋ?" ಅಂದರು. ಸಾಲದು. ಗೋಡೆಯ ದಪ್ಪವೂ ಲೆಕ್ಕಕ್ಕೆ ಬರುತ್ತೆ, ಹೊರಗಿಂದಲೇ ಅಳೆಯಬೇಕು. ಪ್ಲಾನಿನಲ್ಲಿ ಇಲ್ಲದ, ಆಮೇಲೆ ಹಿತ್ತಲಿಗೆ ಕಟ್ಟಿಸಿದ ಪುಟ್ಟ ಸ್ಟೋರ್ ರೂಮನ್ನೂ ಸೇರಿಸಿದೆವು. ಕೆಳಗೆ 800, ಮೇಲೆ 600 ಚದರ ಅಡಿ ಬಂತು.

ಮೇಲೆ ಆಗ ತಮ್ಮನ ಸಂಸಾರ ಇತ್ತು. ಹಾಗಾಗಿ ಪೂರ್ತಿ 1,400 ಅಡಿ ಸ್ವಂತ ವಾಸ. 1,400ನ್ನು 1.60ರಿಂದ ಗುಣಿಸಿ, ಮತ್ತೆ 10 ತಿಂಗಳಿಂದ ಗುಣಿಸಿದರೆ 22,400. (ಹನ್ನೆರಡಲ್ಲ, ಹತ್ತೇ ತಿಂಗಳು. ಇಲ್ಲಿ ತುಂಬಾ ಜನ ತಪ್ಪು ಮಾಡ್ತಾರೆ.) ಕಟ್ಟಡ ಹಳೆಯದಾದಷ್ಟೂ ಇದರಲ್ಲಿ ಸವಕಳಿ ಕಳೆಯುತ್ತಾರೆ. ಅದನ್ನು ಪಕ್ಕಕ್ಕಿಟ್ಟರೆ 20% ತೆರಿಗೆ 4,480, ಅದರ ಮೇಲೆ ಆಗಿನ 24% ಸೆಸ್ 1,075. ಒಟ್ಟು 5,555 ರೂಪಾಯಿ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ.

2010ರ ದೀಪಾವಳಿ ಕಳೆದ ಮೇಲೆ ತಮ್ಮ ಮೈಸೂರಿಗೆ ಹೋದ. ಮೇಲಿನ ಮನೆ ಬಾಡಿಗೆಗೆ ಕೊಟ್ಟೆವು. ಮುಂದಿನ ಏಪ್ರಿಲ್‌ನಲ್ಲಿ ನಾನು ಎಂದಿನಂತೆ ಫಾರಂ 4 ತುಂಬಿ ಹಣ ಕಟ್ಟಿ ಬಂದೆ. ಹೋದ ವರ್ಷಕ್ಕೂ ಈ ವರ್ಷಕ್ಕೂ ಮನೆಯಲ್ಲಿ ಏನೂ ಬದಲಾಗಿಲ್ಲ ಅನ್ನೋದಕ್ಕೆ ಇರುವ ಫಾರಂ ಅದು. ಕಟ್ಟಡಕ್ಕೆ ಒಂದು ಇಟ್ಟಿಗೆಯೂ ಸೇರಿರಲಿಲ್ಲ, ಹಾಗಾಗಿ ಬದಲಾವಣೆ ಅಂತ ನನಗೆ ಅನ್ನಿಸಲೇ ಇಲ್ಲ.

ಗೊತ್ತಾಗಿದ್ದು ಒಂದು ವರ್ಷ ಆದಮೇಲೆ. ಎದುರು ಮನೆ ಆಂಟಿ ಫಾರಂ ಹಿಡಿದು ಬಂದರು. "ನಮ್ಮ ಬಾಡಿಗೆಯವರು ಖಾಲಿ ಮಾಡಿದ್ರಪ್ಪ, ಈಗ ಮಗ ಸೊಸೆನೇ ಮೇಲಿದ್ದಾರೆ. ಆದ್ರೂ ಬಾಡಿಗೆ ಅಂತಲೇ ಬರೀಬೇಕಾ?" ಬೇಡ ಆಂಟಿ, ಬದಲಾವಣೆ ಆಗಿದ್ದರೆ ಫಾರಂ 5 ತುಂಬಬೇಕು, ನಿಮಗೆ ಕಮ್ಮಿ ಆಗುತ್ತೆ ಅಂದೆ. ಹಾಗಂದ ಕೂಡಲೇ ನಮ್ಮ ಮನೆ ನೆನಪಾಯಿತು. ನಮ್ಮದು ಅದರ ಉಲ್ಟಾ.

ಕೂತು ಮತ್ತೆ ಲೆಕ್ಕ ಹಾಕಿದೆ. ಕೆಳಗಿನದು 12,800, ಮೇಲಿನದು 3.20ರ ದರದಲ್ಲಿ 19,200, ಎರಡೂ ಸೇರಿ 32,000. ತೆರಿಗೆ 6,400, ಸೆಸ್ 1,536, ಒಟ್ಟು 7,936. ಸವಕಳಿ ಪಕ್ಕಕ್ಕಿಟ್ಟು ನೋಡಿದರೆ 2,381 ರೂಪಾಯಿ ಕಮ್ಮಿ ಕಟ್ಟಿದ್ದೆ. ಬಾಕಿಯನ್ನು ತಿಂಗಳಿಗೆ 2% ಬಡ್ಡಿ ಸೇರಿಸಿ ಕಟ್ಟಿದೆ. ನನಗೆ ಬೇಜಾರಾಗಿದ್ದು ಬಡ್ಡಿಗಲ್ಲ. ಅಷ್ಟು ನಿಷ್ಠೆಯಿಂದ ಟೇಪ್ ಹಿಡಿದು ಅಳೆದವನು, ಮನೆಯಲ್ಲಿ ಯಾರಿದ್ದಾರೆ ಅಂತ ನೋಡಿಕೊಳ್ಳಲಿಲ್ಲ ಅಲ್ವಾ, ಅದಕ್ಕೆ.

2016ರಲ್ಲಿ ದರ ಏರಿತು. ಈಗ ಎಲ್ಲ ಆನ್‌ಲೈನ್. ಆಸ್ತಿಯ ನಂಬರ್ ಹಾಕಿದರೆ ಹಳೇ ವಿವರ ತಾನಾಗಿಯೇ ಬರುತ್ತೆ, ಸುಮ್ನೆ ಮುಂದೆ ಒತ್ತಿಬಿಡೋದು ಈಗ ಇನ್ನೂ ಸುಲಭ. ನಾನು ಮಾತ್ರ ಪ್ರತಿ ರಸೀದಿಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡ್ತೀನಿ: ಈ ವರ್ಷ ಕೆಳಗೆ ಯಾರು, ಮೇಲೆ ಯಾರು. ಮಾರ್ಚ್ ಕೊನೆಗೆ ಮೊದಲು ಆ ರಸೀದಿ ತೆಗೆದು ನೋಡಿ, ಆಮೇಲೆ ಫಾರಂ ತೆರೀತೀನಿ.