ರೊಟ್ಟಿ ಬುಟ್ಟಿಯಲ್ಲಿ ಆರು ರಿಮೋಟ್

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯಲ್ಲಿ ರಿಮೋಟ್‌ಗಳಿಗೆ ಒಂದು ಹಳೆಯ ರೊಟ್ಟಿ ಬುಟ್ಟಿ ಇದೆ. ಅವ್ವ ಮಾಡಿದ ವ್ಯವಸ್ಥೆ. ಎರಡು ವರ್ಷದ ಹಿಂದೆ ಅದರಲ್ಲಿ ಆರು ರಿಮೋಟ್ ಇದ್ದವು. ಸೋನಿ ಟಿವಿ, ಡೆನಾನ್ ರಿಸೀವರ್ (ಯಾವ ಉಪಕರಣದ ಧ್ವನಿ ಸ್ಪೀಕರ್‌ಗೆ ಹೋಗಬೇಕೆಂದು ಆರಿಸುವ ಡಬ್ಬಿ), ಬ್ಲೂರೇ ಪ್ಲೇಯರ್, ಸೆಟ್ ಟಾಪ್ ಬಾಕ್ಸ್, ಫೈರ್ ಟಿವಿ ಸ್ಟಿಕ್, ಅಪ್ಪನ ಹಳೆಯ ಫಿಲಿಪ್ಸ್ ಸಿಡಿ ಪ್ಲೇಯರ್. ಹೋಮ್ ಥಿಯೇಟರ್ ಕಟ್ಟಿಕೊಂಡವನು ನಾನು. ಆದರೆ ಹಗಲೆಲ್ಲ ಮನೆಯಲ್ಲಿರುವವರು ಅವರಿಬ್ಬರು.

ಒಂದು ದಿನ ಆಫೀಸಿನಲ್ಲಿದ್ದಾಗ ಅವ್ವನ ಫೋನ್ ಬಂತು. "ಟಿವಿ ಹಚ್ಚಾಕ ಇಷ್ಟೆಲ್ಲ ಒತ್ತಬೇಕೇನಪಾ? ಚಿತ್ರ ಬರ್ತದ, ಧ್ವನಿ ಬರವಲ್ತು." ರಿಸೀವರ್ ಬ್ಲೂರೇ ಇನ್‌ಪುಟ್‌ನಲ್ಲೇ ಉಳಿದಿರಬೇಕು, ಇಲ್ಲವೇ ಆಫ್ ಇರಬೇಕು. ಫೋನಿನಲ್ಲಿ ಹೇಳಿ ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು. ಅವತ್ತೇ ನಿರ್ಧಾರ ಮಾಡಿದೆ. ಎಲ್ಲಕ್ಕೂ ಸೇರಿ ಒಂದೇ ರಿಮೋಟ್ ತರಬೇಕು.

ಮೊದಲು ಹುಬ್ಬಳ್ಳಿಗೆ ಹೋದಾಗ ಕೊಪ್ಪೀಕರ್ ರಸ್ತೆಯ ಕಡೆ ಒಂದು ಅಂಗಡಿಯಲ್ಲಿ 250 ರೂಪಾಯಿಯ ಲರ್ನಿಂಗ್ ರಿಮೋಟ್, ಅಂದರೆ ಬೇರೆ ರಿಮೋಟ್‌ಗಳ ಸಂಕೇತ ಕಲಿಯುವ ರಿಮೋಟ್, ಕೊಂಡೆ. ಹಳೆಯ ರಿಮೋಟ್ ಮತ್ತು ಇದು ಎರಡನ್ನೂ ಮೇಜಿನ ಮೇಲೆ ಎದುರು ಬದುರು ಮಲಗಿಸಿ, ಒಂದೊಂದೇ ಗುಂಡಿ ಒತ್ತಿ ಕಲಿಸಬೇಕು. ಎರಡು ಮೂರು ಇಂಚು ಅಂತರ ಇದ್ದರೆ ಸಾಕು. ಗುಂಡಿಯನ್ನು ಒತ್ತಿ ಹಿಡಿಯಬಾರದು, ಚುಟುಕಾಗಿ ಒತ್ತಿ ಬಿಡಬೇಕು. ಹಿಡಿದರೆ ಬಹಳಷ್ಟು ರಿಮೋಟ್‌ಗಳು 'ಅದೇ ಇನ್ನೊಮ್ಮೆ' ಎಂಬ ಬೇರೆ ಸಂಕೇತ ಕಳಿಸತೊಡಗುತ್ತವೆ. ಅದೂ ಸೇರಿ ಕಲಿತುಬಿಡುತ್ತದೆ.

ಮೂರು ಉಪಕರಣಗಳ ಗುಂಡಿಗಳನ್ನು ಸುಲಭವಾಗಿ ಕಲಿತಿತು. ಫೈರ್ ಸ್ಟಿಕ್‌ನ ರಿಮೋಟ್ ಮುಂದೆ ಅರ್ಧ ಗಂಟೆ ಕೂತೆ, ಏನೂ ಆಗಲಿಲ್ಲ. ಸ್ಟಿಕ್‌ಗೆ ಅದು ಬ್ಲೂಟೂತ್‌ನಲ್ಲಿ ಮಾತಾಡುತ್ತದೆ, ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕಿನಲ್ಲಿ ಅಲ್ಲ ಎನ್ನುವುದು ಆಮೇಲೆ ಹೊಳೆಯಿತು. ನಿಮ್ಮ ರಿಮೋಟ್ ಐಆರ್ ಹೌದೋ ಅಲ್ಲವೋ ನೋಡಬೇಕೇ? ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಗುಂಡಿ ಒತ್ತಿ. ತುದಿಯಲ್ಲಿ ನೇರಳೆ ಬೆಳಕು ಮಿಣುಕಿದರೆ ಐಆರ್. ಹಿಂದಿನ ಕ್ಯಾಮೆರಾದಲ್ಲಿ ಹೆಚ್ಚಾಗಿ ಕಾಣುವುದಿಲ್ಲ, ಅದಕ್ಕೆ ಫಿಲ್ಟರ್ ಇರುತ್ತದೆ.

ನಿಜವಾದ ತಮಾಷೆ ಆಗಿದ್ದು ಅಪ್ಪನ ಸಿಡಿ ಪ್ಲೇಯರ್‌ನಲ್ಲಿ. ಅಪ್ಪ ಸಂಜೆ ಟಿವಿ ನೋಡುವುದಿಲ್ಲ, ಮಲ್ಲಿಕಾರ್ಜುನ ಮನಸೂರರನ್ನು ಕೇಳುತ್ತಾರೆ. ಹೊಸ ರಿಮೋಟ್‌ನಲ್ಲಿ ಮುಂದಿನ ಟ್ರ್ಯಾಕ್ ಒತ್ತಿದರೆ ಒಮ್ಮೆ ಹೋಗುತ್ತದೆ. ಮತ್ತೆ ಒತ್ತಿದರೆ ಹೋಗುವುದಿಲ್ಲ. ಪ್ಲೇ ಒತ್ತಿ ಬಂದರೆ ಮತ್ತೊಮ್ಮೆ ಹೋಗುತ್ತದೆ. ಪ್ಲೇಯರ್ ಕೆಟ್ಟಿದೆ ಎಂದು ಅಪ್ಪ ತೀರ್ಮಾನಿಸಿಬಿಟ್ಟರು. ನನಗೂ ಎರಡು ದಿನ ತಲೆಬುಡ ತಿಳಿಯಲಿಲ್ಲ.

ಕಾರಣ ಇದು. ಹಳೆಯ ಫಿಲಿಪ್ಸ್ ಉಪಕರಣಗಳು ಆರ್‌ಸಿ5 ಎಂಬ ಸಂಕೇತ ಪದ್ಧತಿ ಬಳಸುತ್ತವೆ. ಅದರಲ್ಲಿ ಒಂದು ಬಿಟ್ ಇದೆ. ನೀವು ಗುಂಡಿ ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಅದು 0 ಇದ್ದದ್ದು 1, 1 ಇದ್ದದ್ದು 0 ಆಗುತ್ತದೆ. 'ಇದು ಹೊಸ ಒತ್ತು, ಹಳೆಯದನ್ನೇ ಹಿಡಿದುಕೊಂಡಿಲ್ಲ' ಎಂದು ಪ್ಲೇಯರ್‌ಗೆ ತಿಳಿಯುವುದು ಅದರಿಂದಲೇ. ಅಗ್ಗದ ಲರ್ನಿಂಗ್ ರಿಮೋಟ್‌ಗೆ ಈ ಲೆಕ್ಕ ಗೊತ್ತಿಲ್ಲ. ಕಲಿತದ್ದನ್ನು ಗಿಳಿಯಂತೆ ಅದೇ ಬಿಟ್ ಇಟ್ಟು ಒಪ್ಪಿಸುತ್ತದೆ. ಎರಡನೇ ಸಲ ಒತ್ತಿದಾಗ, ಇವರು ಇನ್ನೂ ಬೆರಳು ತೆಗೆದಿಲ್ಲ ಎಂದುಕೊಂಡು ಪ್ಲೇಯರ್ ಸುಮ್ನೆ ಕೂರುತ್ತದೆ. ಕೋಡ್ ಪಟ್ಟಿ, ಅಂದರೆ ಬೇರೆ ಬೇರೆ ಕಂಪನಿಗಳ ಸಂಕೇತಗಳ ಪಟ್ಟಿ, ಒಳಗೇ ಇರುವ ರಿಮೋಟ್ ಆದರೆ ಪದ್ಧತಿಯನ್ನು ತಿಳಿದು ಬಿಟ್ ಬದಲಿಸುತ್ತಾ ಹೋಗುತ್ತದೆ. ಕಲಿಯುವುದಷ್ಟೇ ಸಾಲದು, ಪಟ್ಟಿಯೂ ಬೇಕು. 250 ರೂಪಾಯಿ ಕೊಟ್ಟು ಕಲಿತ ಪಾಠ. ಹೆಚ್ಚೇನಲ್ಲ ಬಿಡಿ.

ಆಮೇಲೆ ಬೇರೆ ದಾರಿಗಳನ್ನು ನೋಡಿದೆ. ಐಆರ್ ಇರುವ ಶಿಯೋಮಿ ಫೋನ್ ನನ್ನ ಹತ್ತಿರವೇ ಇತ್ತು. ಆದರೆ ಫೋನ್ ನನ್ನ ಜೊತೆ ಆಫೀಸಿಗೆ ಬರುತ್ತದಲ್ಲ! ವೈಫೈ ಮೇಲೆ ನಡೆಯುವ ಐಆರ್ ಡಬ್ಬಿಗಳಿವೆ, ಬ್ರಾಡ್‌ಲಿಂಕ್ ತರಹದವು. ನಮ್ಮಲ್ಲಿ ಮಳೆಗಾಲದ ಸಂಜೆ ಕರೆಂಟ್ ಎರಡು ಮೂರು ಸಲ ಹೋಗಿ ಬರುತ್ತದೆ. ಪ್ರತಿ ಸಲ ರೌಟರ್ ಏಳುವವರೆಗೆ ಟಿವಿಗೆ ರಿಮೋಟ್ ಇಲ್ಲ ಎಂದರೆ ಅವ್ವ ನನ್ನನ್ನು ಬಿಡುತ್ತಾಳೆಯೇ? ಒಂದು ಕಾಲಕ್ಕೆ ಯಾರನ್ನು ಕೇಳಿದರೂ ಲಾಜಿಟೆಕ್ ಹಾರ್ಮನಿ ಎನ್ನುತ್ತಿದ್ದರು. 2021ರಲ್ಲಿ ಅದರ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಆದರೆ ಅದನ್ನು ಹೊಂದಿಸಲು ಕಂಪನಿಯ ಸರ್ವರ್ ಬೇಕು. ನಾಳೆ ಸರ್ವರ್ ಮುಚ್ಚಿದರೆ ಹೊಸ ಉಪಕರಣ ಸೇರಿಸುವುದು ಹೇಗೆ? ಅದನ್ನೂ ಬಿಟ್ಟೆ.

ಎಚ್‌ಡಿಎಂಐ ಸಿಇಸಿ ಇರುವಾಗ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಸೋನಿಯವರು ಬ್ರಾವಿಯಾ ಸಿಂಕ್ ಎನ್ನುತ್ತಾರೆ, ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್, ಎಲ್‌ಜಿಯವರು ಸಿಂಪ್ಲಿಂಕ್. ಎಲ್ಲಾ ಒಂದೇ. ಎಚ್‌ಡಿಎಂಐ ಕೇಬಲ್‌ನ 13ನೇ ಪಿನ್ ಮೇಲೆ ಉಪಕರಣಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದನ್ನೊಂದು ಎಬ್ಬಿಸುತ್ತವೆ, ಮಲಗಿಸುತ್ತವೆ. ಟಿವಿ ಮತ್ತು ಸೌಂಡ್‌ಬಾರ್ ಎರಡೇ ಇರುವ ಮನೆಗೆ ಅಷ್ಟೇ ಸಾಕು, ರಿಮೋಟ್‌ಗೆ ದುಡ್ಡು ಹಾಕಬೇಡಿ. ನಮ್ಮಲ್ಲಿ ಅದು ಜಗಳ ತಂದಿತು. ಅದನ್ನು ಮುಂದೆ ಹೇಳುತ್ತೇನೆ.

ಕೊನೆಗೆ ಆರಿಸಿದ್ದು ಐಆರ್, ಬ್ಲೂಟೂತ್ ಎರಡೂ ಇರುವ, ಕೋಡ್ ಪಟ್ಟಿ ಇರುವ, ಬೇಕಾದರೆ ಕಲಿಸಲೂ ಬರುವ, ಮೊಬೈಲ್ ಆ್ಯಪ್‌ನಿಂದ ಮ್ಯಾಕ್ರೋ (ಒಂದೇ ಗುಂಡಿ ಒತ್ತಿದರೆ ಸಾಲಾಗಿ ಹೋಗುವ ಹಲವು ಸಂಕೇತಗಳು) ಬರೆಯಬಹುದಾದ ರಿಮೋಟ್. ಸೋಫಾಬೇಟನ್ ಯು1 ಎಂಬುದು ಈ ಜಾತಿಯದು. ಟಚ್‌ಸ್ಕ್ರೀನ್ ಇರುವವನ್ನು ಬೇಕೆಂದೇ ತೆಗೆದುಕೊಳ್ಳಲಿಲ್ಲ. ಅಪ್ಪನ ಹೆಬ್ಬೆರಳಿಗೆ ಉಬ್ಬಿದ ಗುಂಡಿ ಬೇಕು. ಕತ್ತಲಲ್ಲಿ ಧ್ವನಿ ಜಾಸ್ತಿ ಮಾಡಲು ಯಾರೂ ಕಣ್ಣಿನಿಂದ ಹುಡುಕುವುದಿಲ್ಲ, ಅಲ್ವಾ?

ಪ್ರೋಗ್ರಾಮ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಂಡೆ. ಉಪಕರಣಗಳ ಹೆಸರು ಬರೆಯಲಿಲ್ಲ. ಮನೆಯಲ್ಲಿ ಏನೇನು ನಡೆಯುತ್ತದೆ ಅದನ್ನು ಬರೆದೆ. 'ಅವ್ವನ ಟಿವಿ', 'ಅಪ್ಪನ ಹಾಡು', 'ಸಿನಿಮಾ', 'ಎಲ್ಲಾ ಬಂದ್'. ನಾಲ್ಕೇ. ಒಂದೊಂದಕ್ಕೆ ಒಂದು ಗುಂಡಿ, ಹಿಂದೆ ಒಂದು ಮ್ಯಾಕ್ರೋ. 'ಅವ್ವನ ಟಿವಿ' ಒತ್ತಿದರೆ ಟಿವಿ ಆನ್, ರಿಸೀವರ್ ಆನ್, ಬಾಕ್ಸ್ ಆನ್, ರಿಸೀವರ್ ಬಾಕ್ಸ್‌ನ ಇನ್‌ಪುಟ್‌ಗೆ. ಇಷ್ಟೇ.

ಭಾನುವಾರ ಬರೆದೆ, ಕೆಲಸ ಮಾಡಿತು. ಸೋಮವಾರ ಸಂಜೆ ಮಳೆ, ಕರೆಂಟ್ ಹೋಯಿತು. ಬಂದ ಮೇಲೆ ಅವ್ವ ಗುಂಡಿ ಒತ್ತಿದಳು. ಟಿವಿ ಆನ್ ಆಯಿತು, ಬಾಕ್ಸ್ ಆಫ್ ಆಯಿತು. ಮತ್ತೆ ಒತ್ತಿದಳು. ಬಾಕ್ಸ್ ಆನ್ ಆಯಿತು, ಟಿವಿ ಆಫ್ ಆಯಿತು.

ಈ ಕೆಲಸದಲ್ಲಿ ತಿಳಿಯಲೇಬೇಕಾದ ಸಂಗತಿ ಇದೇ. ರಿಮೋಟ್ ಮೇಲೆ ನಾವು ಆನ್ ಎಂದುಕೊಳ್ಳುವ ಗುಂಡಿ ನಿಜವಾಗಿ 'ಇದ್ದದ್ದನ್ನು ತಿರುಗಿಸು' ಎಂಬ ಗುಂಡಿ. ಅದನ್ನು ಟಾಗಲ್ ಎನ್ನುತ್ತಾರೆ. ಕರೆಂಟ್ ಹೋಗಿ ಬಂದಾಗ ನಮ್ಮ ಟಿವಿ ಸ್ಟ್ಯಾಂಡ್‌ಬೈಗೆ ಹೋಗುತ್ತದೆ, ಬಾಕ್ಸ್ ತಾನಾಗಿ ಆನ್ ಆಗುತ್ತದೆ. ರಿಮೋಟ್‌ಗೆ ಇದು ಕಾಣುವುದಿಲ್ಲ. ಐಆರ್ ಒಂದೇ ದಿಕ್ಕಿನ ಮಾತು, ಉತ್ತರ ಬರುವುದಿಲ್ಲ.

ಮದ್ದು ಏನೆಂದರೆ ಆನ್‌ಗೆ ಬೇರೆ, ಆಫ್‌ಗೆ ಬೇರೆ ಸಂಕೇತ. ಡಿಸ್ಕ್ರೀಟ್ ಕೋಡ್ ಎನ್ನುವುದು ಅದಕ್ಕೇ. ಸೋನಿ ಪದ್ಧತಿಯಲ್ಲಿ ಟಿವಿಯ ಪವರ್ ಟಾಗಲ್ 21, ಬರೀ ಆನ್ 46, ಬರೀ ಆಫ್ 47. ಟಿವಿ ಜೊತೆ ಬಂದ ನಮ್ಮ ರಿಮೋಟ್‌ನಲ್ಲಿ ಒಂದೇ ಪವರ್ ಗುಂಡಿ ಇದೆ. ಇಲ್ಲದ ಗುಂಡಿಯನ್ನು ಯಾವ ಲರ್ನಿಂಗ್ ರಿಮೋಟ್‌ಗೂ ಕಲಿಸಲು ಬರುವುದಿಲ್ಲ. ಮತ್ತೆ ಪಟ್ಟಿಗೇ ಹೋಗಬೇಕು. ಟಿವಿಗೂ ರಿಸೀವರ್‌ಗೂ ಬೇರೆ ಬೇರೆ ಆನ್, ಆಫ್ ಸಿಕ್ಕವು. ಸಾಹಸ ಮುಗಿಯಿತು ಎಂದುಕೊಂಡೆ.

ಬಾಕ್ಸ್‌ಗೆ ಸಿಗಲಿಲ್ಲ. ಅದಕ್ಕೆ ಟಾಗಲ್ ಒಂದೇ. ಮಲಗಿರುವ ಬಾಕ್ಸ್ ಚಾನೆಲ್ ನಂಬರ್ ಒತ್ತಿದರೂ ಏಳುತ್ತದೆ ಎನ್ನುವುದು ಒಂದು ದಿನ ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ಎದ್ದೇ ಇದ್ದರೆ ನಂಬರ್‌ನಿಂದ ಕೆಡುವುದೇನಿಲ್ಲ. ಅಂದರೆ ನಂಬರ್ ಗುಂಡಿಯೇ ನಮ್ಮ ಆನ್! ಆಫ್ ಮಾಡಬೇಕೇ? ಮೊದಲು ನಂಬರ್ ಕಳಿಸು, ಐದು ಸೆಕೆಂಡ್ ತಡಿ, ಆಮೇಲೆ ಪವರ್ ಕಳಿಸು. ಮೊದಲು ಹೇಗೇ ಇರಲಿ, ಕೊನೆಗೆ ಮಲಗಿಯೇ ಇರುತ್ತದೆ. ಇದು ಹೊಳೆದ ರಾತ್ರಿ ನನಗಾದ ಖುಷಿಯನ್ನು ಮನೆಯಲ್ಲಿ ಯಾರಿಗೂ ವಿವರಿಸಲು ಆಗಲಿಲ್ಲ.

ಈಗ ಸಿಇಸಿ ಜಗಳ. 'ಸಿನಿಮಾ' ಮ್ಯಾಕ್ರೋ ಬರೆದದ್ದು ಟಿವಿಗೆ ಟಾಗಲ್ ಇದ್ದ ದಿನಗಳಲ್ಲಿ. ಬ್ಲೂರೇ ಎದ್ದ ಕೂಡಲೇ ಸಿಇಸಿ ಮೂಲಕ ಟಿವಿಯನ್ನು ಎಬ್ಬಿಸುತ್ತಿತ್ತು. ಹಿಂದೆಯೇ ನನ್ನ ರಿಮೋಟ್‌ನ ಪವರ್ ಹೋಗಿ ಟಿವಿಯನ್ನು ಮಲಗಿಸುತ್ತಿತ್ತು. ಡಿಸ್ಕ್ರೀಟ್ ಕೋಡ್ ಬಂದ ಮೇಲೆ ಅದು ನಿಂತಿತು. ಆದರೆ ಇನ್‌ಪುಟ್ ವಿಷಯದಲ್ಲಿ ಕಿತ್ತಾಟ ಮುಂದುವರಿಯಿತು. ಇಬ್ಬರು ಯಜಮಾನರು ಬೇಡ ಎಂದು ಎಲ್ಲದರಲ್ಲೂ ಸಿಇಸಿ ಆಫ್ ಮಾಡಿದೆ.

ಇನ್ನು ಸಮಯದ ಲೆಕ್ಕ. ಆನ್ ಆದ ಕೂಡಲೇ ರಿಸೀವರ್ ಕಿವಿಗೊಡುವುದಿಲ್ಲ. ನಮ್ಮದಕ್ಕೆ ನಾಲ್ಕು ಸೆಕೆಂಡ್ ಬಿಡಬೇಕು, ಟಿವಿಗೆ ಒಂಬತ್ತು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಳೆದು, ತಲಾ ಒಂದು ಸೆಕೆಂಡ್ ಸೇರಿಸಿ ಮ್ಯಾಕ್ರೋದಲ್ಲಿ ಇಟ್ಟೆ. ಹೀಗಾಗಿ 'ಅವ್ವನ ಟಿವಿ' ಮುಗಿಯಲು ಹದಿನೈದು ಸೆಕೆಂಡ್ ಬೇಕು. ಇಲ್ಲೇ ಕೊನೆಯ ತೊಡಕು ಬಂತು. ಅವ್ವ ಗುಂಡಿ ಒತ್ತಿ ರಿಮೋಟನ್ನು ಬುಟ್ಟಿಗೆ ಹಾಕಿಬಿಡುತ್ತಿದ್ದಳು. ಉಳಿದ ಸಂಕೇತಗಳೆಲ್ಲ ಬುಟ್ಟಿಯ ಬೆತ್ತಕ್ಕೆ! ಮ್ಯಾಕ್ರೋದ ಕ್ರಮ ಬದಲಿಸಿ ಮೂರೂ ಆನ್‌ಗಳನ್ನು ಮೊದಲೇ ಕಳಿಸಿ ನೋಡಿದೆ. ಇನ್‌ಪುಟ್ ಮಾತ್ರ ಕೊನೆಗೇ ಬರಬೇಕು, ಅದಕ್ಕೆ ದಾರಿಯಿಲ್ಲ. "ಧ್ವನಿ ಬರೋತನಕ ಟಿವಿ ಕಡೆ ಹಿಡಕೊಂಡಿರು" ಎಂದು ಹೇಳಿಕೊಟ್ಟೆ. "ಆರತಿ ಹಿಡಿದಂಗ ಹಿಡೀಬೇಕೇನು?" ಎಂದಳು. ಈಗ ಹಾಗೇ ಹಿಡಿಯುತ್ತಾಳೆ.

ಹಳೆಯ ಆರೂ ರಿಮೋಟ್‌ಗಳ ಸೆಲ್ ತೆಗೆದು, ಸೋರಿ ಹಾಳಾಗಬಾರದಲ್ಲ, ಚೀಲದಲ್ಲಿ ಕಟ್ಟಿ ಅಲ್ಮೇರಾದಲ್ಲಿ ಇಟ್ಟಿದ್ದೇನೆ. ಎಸೆಯಬೇಡಿ. ಮುಂದೆ ಒಂದು ಗುಂಡಿ ಕಲಿಸಲು ಅವೇ ಬೇಕು. ಬುಟ್ಟಿಯಲ್ಲಿ ಬಹಳ ದಿನ ಒಂದೇ ರಿಮೋಟ್ ಇತ್ತು. ಕಳೆದ ತಿಂಗಳು ಹಾಲ್‌ಗೆ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆವು. ಅದರ ಜೊತೆಗೂ ಒಂದು ರಿಮೋಟ್ ಬಂದಿದೆ. ಪವರ್ ಗುಂಡಿ ಒಂದೇ ಇದೆ, ಟಾಗಲ್. ವೇಗದ ನಂಬರ್ ಒತ್ತಿದರೆ ನಿಂತ ಫ್ಯಾನ್ ತಿರುಗುತ್ತದೆಯೇ ಎಂದು ಈ ಭಾನುವಾರ ನೋಡಬೇಕು.